ಎದುರಾಳಿ ಏನಂದ?

(ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ತಯಾರಾಗುತ್ತಿರುವ ಹಾಸ್ಟೆಲ್ ವಿದ್ಯಾರ್ಥಿಗಳ ಒಂದು ದಿನದ ಶಿಬಿರದಲ್ಲಿ ಆಡಿದ ಮಾತುಗಳು. ಬರೆದುಕೊಂಡದ್ದನ್ನು ಹೆಚ್ಚು ತಿದ್ದದೆ ಕೊಟ್ಟಿದ್ದೇವೆ.)

ಊಟಕ್ಕೆ ಇನ್ನೂ ಒಂದೂವರೆ ಗಂಟೆ ಇದೆ ಅಂತ ನಿಮ್ಮ ಕಾರ್ಯದರ್ಶಿ ಹೇಳಿದರು. ಹಸಿದ ಹೊಟ್ಟೆಗಳ ಮುಂದೆ ಭಾಷಣ ಬಿಗಿಯುವುದೂ ಒಂದು ಥರದ ಶೋಷಣೆಯೇ ಅನ್ನೋದು ನನಗೆ ಗೊತ್ತು. ನಾನೂ ಐದು ವರ್ಷ ಹಾಸ್ಟೆಲಿನ ಮುದ್ದೆ ತಿಂದವನು. ಆದ್ದರಿಂದ ನಾನು ಸೋತ ಕತೆಯಿಂದಲೇ ಶುರು ಮಾಡ್ತೀನಿ. ಗೆದ್ದ ಕತೆಗಳು ನಿದ್ದೆ ತರಿಸುತ್ತವೆ.

1991ನೇ ಇಸವಿ. ಅದರ ಹಿಂದಿನ ವರ್ಷ ಆಗಸ್ಟಿನಲ್ಲಿ ವಿ. ಪಿ. ಸಿಂಗ್ ಸರ್ಕಾರ ಮಂಡಲ್ ವರದಿಯನ್ನು ಜಾರಿ ಮಾಡುತ್ತೇವೆ ಎಂದು ಘೋಷಿಸಿತ್ತು. ದೇಶ ಹೊತ್ತಿ ಉರಿದಿತ್ತು. ಮಾರನೇ ವರ್ಷ ಯಾವ ಕಾಲೇಜಿಗೆ ಹೋದರೂ ಚರ್ಚಾಸ್ಪರ್ಧೆಗೆ ಒಂದೇ ವಿಷಯ: ಮೀಸಲಾತಿ ಮುಂದುವರಿಯಬೇಕೆ, ಬೇಡವೆ? ನಮ್ಮ ಕಾಲೇಜಿನಿಂದ ಇಬ್ಬರು ಹೋಗಿದ್ವಿ. ನಿಯಮ ಏನು ಅಂದರೆ, ಒಬ್ಬ ಪರವಾಗಿ, ಇನ್ನೊಬ್ಬ ವಿರೋಧವಾಗಿ ಮಾತಾಡಬೇಕು. ಯಾರಿಗೆ ಯಾವುದು ಅನ್ನೋದು ಅಲ್ಲೇ ಚೀಟಿ ಎತ್ತಿ ತೀರ್ಮಾನ. ನಾನು ಚೀಟಿ ಎತ್ತಿದೆ. ಬಿಡಿಸಿ ನೋಡಿದರೆ 'ವಿರೋಧ' ಅಂತ ಇತ್ತು.

ಯೋಚನೆ ಮಾಡಿ. ಹಾಸ್ಟೆಲಿನಿಂದ ಇಪ್ಪತ್ತು ಜನ ಹುಡುಗರು ನನ್ನ ಮಾತು ಕೇಳೋಕೆ ಅಂತಲೇ ಬಂದು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ನನ್ನ ಜೇಬಿನಲ್ಲಿ ಬಸ್ ಚಾರ್ಜಿಗೆ ಇದ್ದದ್ದು ಸ್ಕಾಲರ್‌ಷಿಪ್ಪಿನ ದುಡ್ಡು. ನನ್ನ ಹೆಸರು ಕರೆದರು. ಹೋದೆ, ಮೈಕು ಹಿಡಿದೆ. "ನನ್ನ ಅನ್ನದ ತಟ್ಟೆಗೆ ನಾನೇ ಕಲ್ಲು ಹಾಕಲಾರೆ, ಇಂಥ ವಿಷಯ ಇಟ್ಟವರಿಗೆ ನಾಚಿಕೆಯಾಗಬೇಕು" ಅಂದು ಇಳಿದು ಬಂದೆ. ಹಿಂದಿನ ಬೆಂಚು ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡರು. ಆ ದಿನ ನನ್ನಷ್ಟು ದೊಡ್ಡ ಕ್ರಾಂತಿಕಾರಿ ಈ ಭೂಮಿ ಮೇಲೆ ಇನ್ನೊಬ್ಬ ಇರಲಿಲ್ಲ.

ಬಹುಮಾನ ಯಾರಿಗೆ ಬಂತು ಗೊತ್ತಾ? ಇನ್ನೊಂದು ಕಾಲೇಜಿನ ಹುಡುಗನಿಗೆ. ಮೇಲ್ಜಾತಿಯವನು, ವಕೀಲರ ಮಗ. ಅವನಿಗೆ 'ಪರ' ಚೀಟಿ ಬಂದಿತ್ತು. ಅವನು ಮೀಸಲಾತಿಯ ಪರವಾಗಿ ಮಾತಾಡಿದ. ಕೊಲ್ಲಾಪುರದ ಶಾಹು ಮಹಾರಾಜರು 1902ರಲ್ಲೇ ಹಿಂದುಳಿದವರಿಗೆ ಅರ್ಧದಷ್ಟು ಹುದ್ದೆ ಕಾದಿರಿಸಿದ್ದು, ನಮ್ಮ ಮೈಸೂರು ಸಂಸ್ಥಾನದಲ್ಲೇ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದು, 1951ರಲ್ಲಿ ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮದರಾಸಿನ ಆದೇಶ ಹೊಡೆದುಹಾಕಿದ ಮೇಲೆ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದದ್ದು, ಎಲ್ಲವನ್ನೂ ಐದು ನಿಮಿಷದಲ್ಲಿ ನೀರು ಕುಡಿದ ಹಾಗೆ ಹೇಳಿದ. ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ನನ್ನ ಬದುಕಿನ ಪರವಾಗಿ ಅವನು ಮಾತಾಡಿ ಷೀಲ್ಡು ತಗೊಂಡು ಹೋದ. ಅವನು ಸಂಜೆ ಮನೆಗೆ ಹೋಗಿ ಏನು ಮಾತಾಡಿದನೋ, ಅದು ಬೇರೆ ವಿಷಯ.

ರಾತ್ರಿ ಹಾಸ್ಟೆಲಿನಲ್ಲಿ ನಮ್ಮ ಒಬ್ಬ ಮೇಷ್ಟ್ರು ಬಂದು ನನ್ನ ಪಕ್ಕ ಕೂತರು. ಭುಜ ತಟ್ಟುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ವಿರೋಧ ಮಾತಾಡಿದವರಲ್ಲಿ ಚೆನ್ನಾಗಿ ಮಾತಾಡಿದವನು ಏನಂದ?" ನಾನು ತಡವರಿಸಿದೆ. "ಜಾತಿವಾದಿಗಳು ಏನಂತಾರೆ ಸಾರ್, ಅದೇ ಮೆರಿಟ್ಟು ಗಿರಿಟ್ಟು" ಅಂದೆ. "ಅದೇ ಅಂದ್ರೆ ಏನು? ಮೊದಲನೇ ವಾದ ಯಾವುದು, ಎರಡನೇದು ಯಾವುದು, ಯಾವ ಉದಾಹರಣೆ ಕೊಟ್ಟ?" ನನಗೆ ಒಂದೂ ನೆನಪಿರಲಿಲ್ಲ. ನಾನು ಕೇಳಿಸಿಕೊಂಡೇ ಇರಲಿಲ್ಲ. ಸಿಟ್ಟು ಕಿವಿಯೊಳಗೆ ತುಂಬಿಕೊಂಡಿದ್ದರೆ ಬೇರೆ ಮಾತಿಗೆ ಜಾಗ ಎಲ್ಲಿರುತ್ತೆ? ಮೇಷ್ಟ್ರು ಎದ್ದು ಹೋಗುವಾಗ ಅಂದರು: "ನೀನು ಇವತ್ತು ಮಾತಾಡದೆ ಬಂದಿದ್ದಕ್ಕೆ ನನಗೆ ಬೇಜಾರಿಲ್ಲ. ಕೇಳದೆ ಬಂದಿದ್ದೀಯಲ್ಲ, ಅದಕ್ಕೆ ಬೇಜಾರು."

ಆ ಮಾತು ಈಗಲೂ ನನ್ನ ಬೆನ್ನ ಹಿಂದೆ ಇದೆ. ಇವತ್ತು ನಿಮಗೆ ಹೇಳಬೇಕಾದ್ದೂ ಅದನ್ನೇ. ಚರ್ಚೆ ಅಂದರೆ ಬಾಯಿಯ ಕೆಲಸ ಅಂತ ನಾವು ತಿಳಿದಿದ್ದೇವೆ. ಅದು ಮೊದಲು ಕಿವಿಯ ಕೆಲಸ, ಆಮೇಲೆ ಲೈಬ್ರರಿಯ ಕೆಲಸ, ಬಾಯಿಯ ಸರದಿ ಬರುವುದು ಕೊನೆಗೆ.

ನಿಮ್ಮ ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಇದೆ. ಹೂವಿನ ಹಾರ ಹಾಕಿದ್ದೀರಿ, ಸಂತೋಷ. ಅವರು ವಾದ ಮಾಡುತ್ತಿದ್ದದ್ದು ಹೇಗೆ ಅನ್ನೋದನ್ನ ಎಷ್ಟು ಜನ ನೋಡಿದ್ದೀರಿ? 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ಅವರನ್ನು ತಮ್ಮ ಸಮ್ಮೇಳನದ ಅಧ್ಯಕ್ಷತೆಗೆ ಕರೆಯಿತು. ಭಾಷಣ ಮೊದಲೇ ಓದಿ ಬೆಚ್ಚಿಬಿದ್ದು, ಕೆಲವು ಭಾಗ ತೆಗೆಯಿರಿ ಎಂದಿತು. ಅವರು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಆ ಮಾಡದೇ ಹೋದ ಭಾಷಣವನ್ನು ಅವರು ತಮ್ಮ ಖರ್ಚಿನಲ್ಲೇ 1500 ಪ್ರತಿ ಅಚ್ಚು ಹಾಕಿಸಿದರು. ಅದೇ ಜಾತಿ ವಿನಾಶದ ಪುಸ್ತಕ. ಇಷ್ಟು ನಿಮಗೆಲ್ಲ ಗೊತ್ತಿರಬಹುದು. ಆಮೇಲಿನದು ನೋಡಿ. ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಆ ಪುಸ್ತಕವನ್ನು ಟೀಕಿಸಿ ಬರೆದರು. 1937ರಲ್ಲಿ ಎರಡನೇ ಮುದ್ರಣ ಬಂದಾಗ ಬಾಬಾಸಾಹೇಬರು ಏನು ಮಾಡಿದರು? ಗಾಂಧೀಜಿಯ ಟೀಕೆಯನ್ನೇ ತಮ್ಮ ಪುಸ್ತಕದೊಳಗೆ ಅಚ್ಚು ಹಾಕಿಸಿದರು! ಅದರ ಪಕ್ಕದಲ್ಲಿ ತಮ್ಮ ಉತ್ತರ ಇಟ್ಟರು. ಓದುವವನೇ ತೂಗಿ ನೋಡಲಿ ಅಂತ.

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಎದುರಾಳಿಯ ಮಾತಿನಲ್ಲಿ ಅತಿ ದಡ್ಡತನದ್ದು ಯಾವುದಿದೆಯೋ ಅದನ್ನು ಹೆಕ್ಕಿಕೊಂಡು, ಅದಕ್ಕೆ ನಾಲ್ಕು ಬಾರಿಸಿ, ಚಪ್ಪಾಳೆ ತಗೊಂಡು ಬರುತ್ತಿದ್ದೆವು. ತನ್ನ ವಾದದ ಮೇಲೆ ನಂಬಿಕೆ ಇರುವವನು ಎದುರಾಳಿಯನ್ನು ಕುಳ್ಳ ಮಾಡಿ ತೋರಿಸುವುದಿಲ್ಲ. ಅವನನ್ನು ಪೂರ್ತಿ ಎತ್ತರಕ್ಕೆ ನಿಲ್ಲಿಸಿ ಆಮೇಲೆ ಕೈ ಹಾಕುತ್ತಾನೆ.

ಈ ಪಾಠವನ್ನು ನಮ್ಮ ಥರದವರೇ ಬೇರೆ ದೇಶದಲ್ಲೂ ಕಲಿತಿದ್ದಾರೆ. ಅಮೆರಿಕದ ಕರಿಯರ ಕತೆ ನಮ್ಮ ಚಳುವಳಿಗೆ ಹೊಸದೇನಲ್ಲ. 1972ರಲ್ಲಿ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದಾಗ ಅವರು ಹೆಸರು ತಂದುಕೊಂಡದ್ದೇ ಅಲ್ಲಿಂದ. ಆದರೆ ನಾವು ಅವರ ಸಿಟ್ಟನ್ನು ತಂದುಕೊಂಡಷ್ಟು ಅವರ ತಾಲೀಮನ್ನು ತಂದುಕೊಳ್ಳಲಿಲ್ಲ ಅಂತ ನನಗೆ ಅನ್ನಿಸುತ್ತೆ.

ಟೆಕ್ಸಾಸ್ ಸೀಮೆಯ ಮಾರ್ಷಲ್ ಅನ್ನೋ ಊರಿನಲ್ಲಿ ಕರಿಯರ ಒಂದು ಸಣ್ಣ ಕಾಲೇಜು, ವೈಲಿ ಕಾಲೇಜು ಅಂತ. ಅಲ್ಲಿ ಮೆಲ್ವಿನ್ ಟೋಲ್ಸನ್ ಅನ್ನೋ ಮೇಷ್ಟ್ರು 1920ರ ದಶಕದಲ್ಲಿ ಚರ್ಚಾ ತಂಡ ಕಟ್ಟಿದರು. ಕವಿ ಬೇರೆ ಅವರು. ಕರಿಯರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಕಾಲ, ಜಾಗ ಅದು. ಪ್ರಯಾಣ ಹೊರಟರೆ ಬಿಳಿಯರ ಹೋಟೆಲಿನಲ್ಲಿ ಕೋಣೆ ಇಲ್ಲ, ಊಟ ಇಲ್ಲ. ಅಂಥದ್ದರಲ್ಲಿ ಈ ತಂಡ ಬಿಳಿಯರ ವಿಶ್ವವಿದ್ಯಾಲಯಗಳ ಎದುರು ನಿಂತಿತು. 1935ರಲ್ಲಿ ಆಗಿನ ರಾಷ್ಟ್ರೀಯ ಚಾಂಪಿಯನ್ನರಾಗಿದ್ದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವನ್ನು ಎದುರಿಸಿ ಹೆಸರು ಮಾಡಿತು. ಇದರ ಬಗ್ಗೆ 2007ರಲ್ಲಿ ಸಿನಿಮಾ ಬಂತು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಸಿನಿಮಾದಲ್ಲಿ ಎದುರಾಳಿ ಹಾರ್ವರ್ಡ್ ಅಂತ ಬದಲಾಯಿಸಿದ್ದಾರೆ. ಯಾರಾದರೂ ವೇದಿಕೆ ಮೇಲೆ ಹಾರ್ವರ್ಡ್ ಅಂದರೆ ನೀವು ತಿದ್ದಬಹುದು. ಸಿನಿಮಾ ನೋಡಿ ಚರಿತ್ರೆ ಹೇಳುವವನು ಸುಲಭವಾಗಿ ಸಿಕ್ಕಿಬೀಳುತ್ತಾನೆ.

ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಆರು ಜನ ಬಂದಿದ್ದೀರಿ, ಹಿಂದೆ ಕೂತಿದ್ದೀರಿ. ಆ ತಂಡಕ್ಕೆ 1930ರಲ್ಲಿ ಹೆನ್ರಿಯೆಟ್ಟಾ ಬೆಲ್ ಅನ್ನೋ ಹುಡುಗಿ ಸೇರಿದಳು, ಗಂಡು ಹುಡುಗರ ನಡುವೆ ಒಬ್ಬಳೇ. ಅದಕ್ಕೇ ಹೇಳ್ತಿದೀನಿ, ಮುಂದೆ ಬಂದು ಕೂತ್ಕೊಳ್ಳಿ. ಹುಡುಗರು ಜಾಗ ಬಿಡಲಿ.

ಇನ್ನೊಬ್ಬ ಕಲಿತದ್ದು ಕಾಲೇಜಿನಲ್ಲಲ್ಲ, ಜೈಲಿನಲ್ಲಿ. ಮಾಲ್ಕಂ ಎಕ್ಸ್. ಕಳ್ಳತನಕ್ಕೆ ಒಳಗೆ ಹೋದವನು. ಮ್ಯಾಸಚೂಸೆಟ್ಸಿನ ನಾರ್ಫೋಕ್ ಜೈಲಿನಲ್ಲಿ ಒಳ್ಳೆಯ ಲೈಬ್ರರಿ ಇತ್ತು, ಕೈದಿಗಳಿಗೆ ಚರ್ಚಾಕೂಟವೂ ಇತ್ತು. ಓದೋಕೆ ಕೂತರೆ ಅರ್ಧಕ್ಕರ್ಧ ಪದಗಳು ಅರ್ಥವಾಗುತ್ತಿರಲಿಲ್ಲ. ಅವನು ನಿಘಂಟು ತಗೊಂಡು ಮೊದಲ ಪುಟದಿಂದ ಕೈಯಲ್ಲಿ ನಕಲು ಮಾಡೋಕೆ ಶುರು ಮಾಡಿದ. ಇಂಗ್ಲಿಷ್ ಬರಲ್ಲ ಅಂತ ಅಳುವವರು ಇದನ್ನು ನೆನಪಿಟ್ಟುಕೊಳ್ಳಿ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಅವನ ಆತ್ಮಕಥೆ 1965ರಲ್ಲಿ ಬಂತು. ಅದರಲ್ಲಿ ಅವನು ತನ್ನ ತಯಾರಿಯ ರೀತಿ ಹೇಳಿದ್ದಾನೆ. ತನಗೆ ಯಾವ ಪಕ್ಷ ಬಂದರೂ ಮೊದಲು ಎದುರಾಳಿಯ ಜಾಗದಲ್ಲಿ ತಾನೇ ಹೋಗಿ ಕೂರುತ್ತಿದ್ದನಂತೆ. ಆ ಪಕ್ಷ ನನ್ನದಾಗಿದ್ದರೆ ಗೆಲ್ಲೋಕೆ ಏನೇನು ಹೇಳುತ್ತಿದ್ದೆ ಅಂತ ಲೆಕ್ಕ ಹಾಕಿ, ಆಮೇಲೆ ಅವನ್ನೆಲ್ಲ ಕೆಡವುವ ದಾರಿ ಹುಡುಕುತ್ತಿದ್ದನಂತೆ. ಮಾಲ್ಕಂ ಎಕ್ಸ್ ಅಂದರೆ ಬರೀ ಬೆಂಕಿ ಅಂದುಕೊಂಡಿದ್ದೆವಲ್ಲ? ಬೆಂಕಿಯ ಹಿಂದೆ ಇಂಥ ಲೆಕ್ಕಾಚಾರ ಇತ್ತು.

ಈಗ ಈ ಎರಡು ಕತೆ ಒಂದು ಕಡೆ ಸೇರುತ್ತವೆ. ವೈಲಿ ಕಾಲೇಜಿಗೆ 14ನೇ ವಯಸ್ಸಿಗೇ ಸೇರಿ ಟೋಲ್ಸನ್ ಮೇಷ್ಟ್ರ ಕೈಕೆಳಗೆ ಪಳಗಿದ ಜೇಮ್ಸ್ ಫಾರ್ಮರ್ 1942ರಲ್ಲಿ ಕೋರ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಕಟ್ಟಿದವರಲ್ಲಿ ಒಬ್ಬ. 1962ರ ಮಾರ್ಚಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಫಾರ್ಮರ್ ಮತ್ತು ಮಾಲ್ಕಂ ಎಕ್ಸ್ ಎದುರೆದುರು ನಿಂತರು. ವಿಷಯ: ಕರಿಯರು ಬಿಳಿಯರೊಂದಿಗೆ ಕೂಡಿ ಬಾಳಬೇಕೋ, ಬೇರೆಯಾಗಬೇಕೋ? ಇಬ್ಬರೂ ಒಂದೇ ಜನಕ್ಕಾಗಿ ಬಡಿದಾಡುವವರು. ಮಾಲ್ಕಂ ಎಕ್ಸ್ ಬಿಳಿಯರ ಅನ್ಯಾಯಗಳ ಪಟ್ಟಿ ಬಿಚ್ಚಿದರೆ ಸಭೆ ಅವನ ಕೈಯಲ್ಲಿ ಅನ್ನೋದು ಫಾರ್ಮರನಿಗೆ ಗೊತ್ತಿತ್ತು. ಅವನು ಏನು ಮಾಡಿದ ಅಂದರೆ, ಆ ಅನ್ಯಾಯಗಳನ್ನೆಲ್ಲ ತಾನೇ ಮೊದಲು ಹೇಳಿಬಿಟ್ಟ. ಆಮೇಲೆ ತಿರುಗಿ ಕೇಳಿದ: ರೋಗ ಏನು ಅನ್ನೋದು ನನಗೂ ಗೊತ್ತು, ವೈದ್ಯನೇ, ನಿನ್ನ ಮದ್ದು ಯಾವುದು, ಅದನ್ನು ಕುಡಿಸೋದು ಹೇಗೆ? ಹೆಚ್ಚುಕಡಿಮೆ ಈ ಅರ್ಥದ ಮಾತು.

ಗೆಳೆಯರೆ, ನಮ್ಮ ಹುಡುಗರ ಭಾಷಣಗಳನ್ನು ನಾನು ಇಪ್ಪತ್ತು ವರ್ಷದಿಂದ ಕೇಳ್ತಾ ಇದೀನಿ. ನೂರಕ್ಕೆ ತೊಂಬತ್ತು ಭಾಷಣ ಬರೀ ರೋಗದ ವರ್ಣನೆ. ಮೂರು ಸಾವಿರ ವರ್ಷ, ಕೆರೆ ಮುಟ್ಟಲು ಬಿಡಲಿಲ್ಲ, ಗುಡಿಗೆ ಬಿಡಲಿಲ್ಲ, ಕ್ಷೌರ ಮಾಡಲಿಲ್ಲ. ಎಲ್ಲ ನಿಜ. ಮೈ ಜುಂ ಅನ್ನುತ್ತೆ. ಐದು ನಿಮಿಷದಲ್ಲಿ ನಾಲ್ಕೂವರೆ ನಿಮಿಷ ಇದಕ್ಕೇ ಹೋಗುತ್ತೆ. ಗಂಟೆ ಹೊಡೆಯುತ್ತೆ. ವಿಷಯ ಏನಿತ್ತು? ಖಾಸಗಿ ರಂಗದಲ್ಲಿ ಮೀಸಲಾತಿ ಬೇಕೆ ಅಂತಲೋ, ಹಾಸ್ಟೆಲ್ ಬದಲು ಕೈಗೆ ದುಡ್ಡು ಕೊಡುವುದು ಮೇಲೆ ಅಂತಲೋ ಇತ್ತು. ಅದರ ಬಗ್ಗೆ ಒಂದು ಮಾತೂ ಬಂದಿಲ್ಲ. ತೀರ್ಪುಗಾರ ಕೆಟ್ಟವನಾಗಿದ್ದರೆ ಖುಷಿಯಿಂದ ಸೊನ್ನೆ ಹಾಕ್ತಾನೆ. ಒಳ್ಳೆಯವನಾಗಿದ್ದರೆ ಸಂಕಟಪಟ್ಟುಕೊಂಡು ಸೊನ್ನೆ ಹಾಕ್ತಾನೆ. ನೋವು ಸಾಕ್ಷಿ ಕಣ್ರಪ್ಪ, ತೀರ್ಪಲ್ಲ. ಸಾಕ್ಷಿಯನ್ನು ಕಟಕಟೆಗೆ ತಂದು ನಿಲ್ಲಿಸಿದ ಮೇಲೆ ವಕೀಲ ವಾದ ಮಾಡಬೇಕು.

ಈಗ ನನ್ನ ಚೀಟಿಗೆ ವಾಪಸ್ ಬರ್ತೀನಿ. 'ವಿರೋಧ' ಅಂತ ಬಂದಾಗ ನಾನು ಏನು ಮಾಡಬೇಕಿತ್ತು? ಇದು ಸುಲಭದ ಪ್ರಶ್ನೆ ಅಲ್ಲ. ಮೇಲ್ಜಾತಿಯ ಹುಡುಗನಿಗೆ ಯಾವ ಚೀಟಿ ಬಂದರೂ ಅದು ಆಟ. ನಮಗೆ ಆಟ ಅಲ್ಲ. ಕೆಲವು ವಿಷಯಗಳನ್ನು ಒಪ್ಪಲೇಬಾರದು ಅಂತಲೇ ನನ್ನ ಅಭಿಪ್ರಾಯ. ನಾನು ಮನುಷ್ಯ ಹೌದೋ ಅಲ್ಲವೋ ಅನ್ನೋದು ಚರ್ಚೆಯ ವಿಷಯ ಅಲ್ಲ. ಅಸ್ಪೃಶ್ಯತೆಗೆ ಎರಡು ಪಕ್ಷ ಇಲ್ಲ; ಸಂವಿಧಾನದ 17ನೇ ವಿಧಿ ಅದನ್ನು ಮುಗಿಸಿದೆ. ಅಂಥ ವಿಷಯ ಯಾರಾದರೂ ಇಟ್ಟರೆ ಇಳಿದು ಬನ್ನಿ, ನಾನೂ ನಿಮ್ಮ ಜೊತೆ ಬರ್ತೀನಿ. ಆದರೆ ಮೀಸಲಾತಿಯ ಅಳತೆಗೋಲು ಯಾವುದು, ಎಷ್ಟು, ಯಾರಿಗೆ, ಎಲ್ಲಿಯವರೆಗೆ ಅನ್ನೋದು ರಾಜ್ಯನೀತಿ. ಅದನ್ನು ಕೋರ್ಟಿನಲ್ಲಿ, ಶಾಸನಸಭೆಯಲ್ಲಿ ದಿನಾ ಚರ್ಚೆ ಮಾಡ್ತಾ ಇದ್ದಾರೆ. ನಾವು ಕಿವಿ ಮುಚ್ಚಿಕೊಂಡರೆ ಚರ್ಚೆ ನಿಲ್ಲಲ್ಲ, ನಾವಿಲ್ಲದೆ ನಡೆಯುತ್ತೆ. 1954ರಲ್ಲಿ ಅಮೆರಿಕದ ಕಾಲೇಜುಗಳಿಗೆ ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆ ಕೊಡಬೇಕು ಅನ್ನೋ ವಿಷಯ ಕೊಟ್ಟಾಗ ಅಲ್ಲಿನ ಸೈನಿಕ ಕಾಲೇಜು ವೆಸ್ಟ್ ಪಾಯಿಂಟ್ ತನ್ನ ಹುಡುಗರು ಅದನ್ನು ಚರ್ಚಿಸಬಾರದು ಅಂತ ತಡೆಯಿತು. ಅಷ್ಟು ದೊಡ್ಡ ಸೈನ್ಯಕ್ಕೆ ಒಂದು ವಾದದ ಭಯ! ನಮಗೆ ಯಾಕೆ ಆ ಭಯ?

ಒಂದು ಪ್ರಯೋಗ ಮಾಡೋಣ. ಮೀಸಲಾತಿ ವಿರೋಧಿಯ ಅತಿ ಗಟ್ಟಿ ವಾದ ಯಾವುದು? ಮೆರಿಟ್ ಅಂತೀರಿ. ಅಲ್ಲ, ಅದು ಹಳೇ ಚಪ್ಪಲಿ. ಬುದ್ಧಿವಂತ ಎದುರಾಳಿ ಬೇರೆ ಕಡೆಯಿಂದ ಬರ್ತಾನೆ. ಅವನು ಬಾಬಾಸಾಹೇಬರನ್ನೇ ತರ್ತಾನೆ. 1948ರ ನವೆಂಬರ್ 30ರಂದು ಸಂವಿಧಾನ ಸಭೆಯಲ್ಲಿ ಸಮಾನ ಅವಕಾಶದ ವಿಧಿಯ ಮೇಲೆ ಮಾತಾಡುತ್ತಾ ಅವರು ಒಂದು ಲೆಕ್ಕ ಮುಂದಿಟ್ಟರು. ಮೀಸಲು ಜಾಗ ನೂರಕ್ಕೆ ಎಪ್ಪತ್ತಾಗಿ ಎಲ್ಲರಿಗೂ ತೆರೆದದ್ದು ಮೂವತ್ತೇ ಉಳಿದರೆ ಸಮಾನ ಅವಕಾಶ ಅನ್ನೋ ತತ್ವ ಉಳಿಯಿತು ಅನ್ನಲಾದೀತೆ, ಆದ್ದರಿಂದ ಮೀಸಲಾತಿ ಕಡಿಮೆ ಪಾಲಿನ ಜಾಗಗಳಿಗೆ ಸೀಮಿತವಾಗಬೇಕು ಅಂತ. ಎದುರಾಳಿ ಇದನ್ನು ಹೇಳಿ, ಅದರ ಮೇಲೆ ಬಾಲಾಜಿ ಮೊಕದ್ದಮೆಯನ್ನು ಪೇರಿಸ್ತಾನೆ. ಅದು ನಮ್ಮದೇ ರಾಜ್ಯದ್ದು. 1962ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳಲ್ಲಿ ಒಟ್ಟು ಶೇಕಡ 68 ಮೀಸಲು ಮಾಡಿತ್ತು. ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿ, ಸ್ಥೂಲವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಅಂದಿತು. 1992ರಲ್ಲಿ ಇಂದ್ರಾ ಸಾಹ್ನಿ ತೀರ್ಪು ಶೇಕಡ 50ರ ಗೆರೆಯನ್ನು ಗಟ್ಟಿ ಮಾಡಿತು. ಈಗ ಹೇಳಿ, ನಿಮ್ಮ ಉತ್ತರ ಏನು?

ನೋಡಿದ್ರಾ, ಎಲ್ಲರೂ ಸುಮ್ಮನಾದಿರಿ. ಬಾಬಾಸಾಹೇಬರ ಆ ಭಾಷಣ ಓದದೆ ವೇದಿಕೆ ಹತ್ತಿದವನಿಗೆ ಎದುರಾಳಿ ಬಾಬಾಸಾಹೇಬರಿಂದಲೇ ಹೊಡೆಸ್ತಾನೆ. ಅದಕ್ಕಿಂತ ದೊಡ್ಡ ಅವಮಾನ ಇದೆಯಾ?

ಉತ್ತರ ಇದೆ. ಅವರು ಅದೇ ಭಾಷಣದಲ್ಲಿ, ಇಷ್ಟು ಕಾಲ ಆಡಳಿತದಿಂದ ಹೊರಗಿಟ್ಟ ಸಮುದಾಯಗಳ ಬೇಡಿಕೆಯನ್ನೂ ಅಷ್ಟೇ ಒತ್ತು ಕೊಟ್ಟು ಮಂಡಿಸಿದ್ದಾರೆ. ಎರಡೂ ಕಡೆಯನ್ನು ಹೊಂದಿಸುವ ಸೂತ್ರ ಅದು. 1975ರಲ್ಲಿ ಕೇರಳದ ಎನ್. ಎಂ. ಥಾಮಸ್ ಮೊಕದ್ದಮೆಯಲ್ಲಿ, ಮೀಸಲಾತಿ ಸಮಾನತೆಗೆ ಕೊಟ್ಟ ವಿನಾಯಿತಿ ಅಲ್ಲ, ಸಮಾನತೆಯದೇ ಒಂದು ಮುಖ ಅನ್ನೋ ನೋಟ ಬಂತು. ಇನ್ನೂ ಹತ್ತಿರದ್ದು: 2019ರಲ್ಲಿ 103ನೇ ತಿದ್ದುಪಡಿ ಮೂಲಕ ಮೇಲ್ಜಾತಿಯ ಬಡವರಿಗೆ ಶೇಕಡ 10 ಕೊಟ್ಟರು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮೂರಕ್ಕೆ ಎರಡರ ಬಹುಮತದಲ್ಲಿ ಅದನ್ನು ಎತ್ತಿಹಿಡಿಯಿತು. 50ರ ಗೆರೆ ಅಲ್ಲಾಡದ್ದೇನಲ್ಲ ಅಂದಿತು. ಆಗ ನೀವು ಕೇಳಬಹುದು: ಸ್ವಾಮಿ, ನಮ್ಮ ಸರದಿಯಲ್ಲಿ ಕಲ್ಲಾಗಿದ್ದ ಗೆರೆ ನಿಮ್ಮ ಸರದಿಯಲ್ಲಿ ರಬ್ಬರ್ ಹೇಗಾಯಿತು? ಇದಕ್ಕೆ ಕೂಗಾಟ ಬೇಡ. ಮೆಲ್ಲಗೆ ಕೇಳಿ. ಮೆಲ್ಲಗೆ ಕೇಳಿದ ಪ್ರಶ್ನೆಯೇ ಜೋರಾಗಿ ಕೇಳಿಸುತ್ತೆ.

ಮೆರಿಟ್ ಬಂದರೂ ಹೆದರಬೇಡಿ. ಬಡ್ತಿ ಮೀಸಲಾತಿಯ ಬಗ್ಗೆ ಕರ್ನಾಟಕದ 2018ರ ಕಾಯ್ದೆಯನ್ನು ಸುಪ್ರೀಂ ಕೋರ್ಟು 2019ರಲ್ಲಿ ಎತ್ತಿಹಿಡಿಯಿತು, ಬಿ. ಕೆ. ಪವಿತ್ರಾ ಮೊಕದ್ದಮೆ. ಮೆರಿಟ್ ಅಂದರೆ ಏನು, ಆಡಳಿತದ ದಕ್ಷತೆ ಅಂದರೆ ಏನು ಅಂತ ಅದರಲ್ಲಿ ಪುಟಗಟ್ಟಲೆ ಇದೆ. ಮೊಬೈಲಿನಲ್ಲೇ ಸಿಗುತ್ತೆ, ದುಡ್ಡಿಲ್ಲ. ರೀಲ್ಸ್ ನೋಡುವ ಹೊತ್ತಿನಲ್ಲಿ ಹತ್ತು ಪುಟ ನೋಡಿ. ಸಂವಿಧಾನ ಸಭೆಯ ಚರ್ಚೆಗಳೂ ಹಾಗೇ ಸಿಗುತ್ತವೆ.

ಸಂವಿಧಾನ ಸಭೆ ಅಂದಾಗ ಒಂದು ಮಾತು. 1946ರ ಡಿಸೆಂಬರ್ 17ರಂದು ಅಧ್ಯಕ್ಷ ರಾಜೇಂದ್ರ ಪ್ರಸಾದರು ಇದ್ದಕ್ಕಿದ್ದ ಹಾಗೆ ಅಂಬೇಡ್ಕರ್ ಹೆಸರು ಕರೆದರು. ತಮಗಿಂತ ಮುಂಚೆ ಇಪ್ಪತ್ತಕ್ಕೂ ಹೆಚ್ಚು ಜನರ ಹೆಸರಿದೆ, ತಮ್ಮ ಸರದಿ ನಾಳೆ ಅಂದುಕೊಂಡು ಅವರು ತಯಾರಿ ಇಲ್ಲದೆ ಕೂತಿದ್ದರು. ಅದನ್ನು ಹೇಳಿಯೇ ಶುರು ಮಾಡಿದರು. ಸಭೆಯಲ್ಲಿ ಕಾಂಗ್ರೆಸ್ಸಿನವರೇ ತುಂಬಿದ್ದರು, ಅವರ ಕಡು ವಿರೋಧಿಗಳು. ನೆಹರೂ ಮಂಡಿಸಿದ್ದ ಧ್ಯೇಯ ನಿರ್ಣಯವನ್ನು, ಮುಸ್ಲಿಂ ಲೀಗ್ ಬರುವವರೆಗೆ ಮುಂದಕ್ಕೆ ಹಾಕಿ ಅನ್ನೋ ಜಯಕರರ ತಿದ್ದುಪಡಿಯ ಪರವಾಗಿ ಅವರು ಮಾತಾಡಿದರು. ಅಂದರೆ ಸಭೆಗೆ ಇಷ್ಟವಿಲ್ಲದ ಪಕ್ಷ. ಬೈಯಲಿಲ್ಲ. ಹಳೇ ಜಗಳ ತೆಗೆಯಲಿಲ್ಲ. ನಿಮಗೆ ಇದನ್ನು ಪಾಸು ಮಾಡುವ ಹಕ್ಕಿದೆ, ಆದರೆ ಈಗ ಮಾಡುವುದು ಜಾಣತನವೇ ಅಂತ ಕೇಳಿದರು. ಸಭೆ ಬಾಯಿ ಮುಚ್ಚಿ ಕೇಳಿತು. ನಿರ್ಣಯ ಆಗ ಪಾಸಾಗಲಿಲ್ಲ, 1947ರ ಜನವರಿ 22ಕ್ಕೆ ಆಯಿತು. ತಯಾರಿ ಇರಲಿಲ್ಲ ಅಂದರೆ ಆ ದಿನದ ಕಾಗದ ಇರಲಿಲ್ಲ ಅಂತ ಅರ್ಥ. ಮೂವತ್ತು ವರ್ಷದ ಓದು ಹೊಟ್ಟೆಯೊಳಗೆ ಇತ್ತು.

ಇನ್ನು ಮಾತಿನ ವಿಷಯ. ಒಂದು ಪದ ಇಡೀ ವಾದವನ್ನು ನುಂಗಿಬಿಡಬಹುದು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಮಾತಾಡುತ್ತಾ 'ಬೂಸಾ' ಅಂದರು. ಯಾಕೆ ಅಂದರು, ಯಾವ ಸಾಹಿತ್ಯಕ್ಕೆ ಅಂದರು ಅಂತ ಬೀದಿಯಲ್ಲಿ ಯಾರೂ ಕೇಳಲಿಲ್ಲ. ಕಲ್ಲು ಎತ್ತಿಕೊಂಡರು. ಹಾಸ್ಟೆಲ್ ಹುಡುಗರು ಒದೆ ತಿಂದರು, ಅವರು ಮಂತ್ರಿಗಿರಿ ಬಿಡಬೇಕಾಯಿತು. ತಪ್ಪು ಕಲ್ಲು ಎತ್ತಿದವರದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆ ಪೆಟ್ಟಿನಿಂದಲೇ ನಮ್ಮ ಹುಡುಗರು ಎದ್ದರು ಅನ್ನೋದೂ ನಿಜ. ಆದರೆ ಚರ್ಚಾಪಟುವಾಗಿ ಒಂದು ಲೆಕ್ಕ ಇಟ್ಟುಕೊಳ್ಳಿ: ಕಾವಿನ ಪದವನ್ನು ವಾದ ಮುಗಿದ ಮೇಲೆ ಬಳಸಿ, ಮೊದಲೇ ಬಳಸಿದರೆ ವಾದ ಕೇಳೋಕೆ ಯಾರೂ ಉಳಿಯೋದಿಲ್ಲ.

ಉಚ್ಚಾರಣೆ ಬಗ್ಗೆ ನಿಮ್ಮಲ್ಲೊಬ್ಬ ಬೆಳಿಗ್ಗೆ ಕೇಳಿದ. ನಾವು 'ಹಾಲು' ಅನ್ನೋದಕ್ಕೆ 'ಆಲು' ಅಂದ ಕೂಡಲೇ ಮುಂದಿನ ಸಾಲಿನಲ್ಲಿ ಕಿಸಕ್ಕನೆ ನಗುತ್ತಾರೆ. ನನ್ನನ್ನೂ ನೋಡಿ ನಕ್ಕಿದ್ದಾರೆ. ನಿಮ್ಮ ಅವ್ವನ ನಾಲಿಗೆ ತಪ್ಪು ಅಂತ ಯಾರು ಹೇಳಿದರೂ ಒಪ್ಪಬೇಡಿ. ಆದರೆ 'ಹ'ಕಾರ ಕಲಿಯಿರಿ, ಸೈಕಲ್ ಕಲಿತ ಹಾಗೆ ಕಲಿಯಿರಿ, ಅದೊಂದು ಸಾಮಾನು ಅಷ್ಟೆ. ದಿನಾ ಸಂಪಾದಕೀಯ ಒಂದನ್ನು ಜೋರಾಗಿ ಓದಿ. ನಿಮಗೆ ಮೈ ಉರಿಸುವ ಪತ್ರಿಕೆಯದ್ದೇ ಓದಿ, ಎರಡು ಕೆಲಸ ಒಟ್ಟಿಗೆ ಆಗುತ್ತೆ. ವೇದಿಕೆ ಮೇಲೆ ತಪ್ಪಿದರೆ ನಿಲ್ಲಬೇಡಿ, ನಕ್ಕವರ ಕಡೆ ನೋಡಬೇಡಿ. ಗ್ರಂಥದ ಕನ್ನಡವನ್ನು ಬಾಡಿಗೆಗೆ ತಂದು ಮಾತಾಡಬೇಡಿ. 'ಪ್ರಸ್ತುತ ಸಂದರ್ಭದಲ್ಲಿ ಅವಲೋಕಿಸಿದಾಗ' ಅಂತ ಶುರು ಮಾಡಿದವನ ಮಾತು ನನಗೆ ಕೇಳಿಸೋದೇ ಇಲ್ಲ.

ಕಾಗದದ ಕೆಲಸ ಹೇಳಿಬಿಡ್ತೀನಿ. ಒಂದು ಹಾಳೆ ತಗೊಳ್ಳಿ, ನಡುವೆ ಗೆರೆ ಎಳೆಯಿರಿ. ಎಡಗಡೆ ಎದುರಾಳಿ ಹೇಳಿದ ಒಂದೊಂದು ವಾದ, ಅವನದೇ ಪದದಲ್ಲಿ. ಬಲಗಡೆ ಅದರ ಎದುರಿಗೆ ನಿಮ್ಮ ಉತ್ತರ. ಬಲಗಡೆ ಖಾಲಿ ಉಳಿದ ಕಡೆ ಸುಳ್ಳು ತುಂಬಬೇಡಿ. "ಇದನ್ನು ನಾನು ಒಪ್ಪುತ್ತೇನೆ, ಆದರೂ" ಅನ್ನೋಕೆ ಧೈರ್ಯ ಬೇಕು. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಅದನ್ನೇ ಮಾಡಿದರು. ಕರಡಿಗೆ ಬಂದ ತಿದ್ದುಪಡಿಗಳು ಸುಮಾರು 7635, ಸಭೆಯಲ್ಲಿ ಮಂಡನೆಯಾದವು 2473. ಇದನ್ನು ಒಪ್ಪುತ್ತೇನೆ, ಇದನ್ನು ಒಪ್ಪುವುದಿಲ್ಲ, ಕಾರಣ ಇದು, ಅಂತ ಉತ್ತರ ಕೊಡುತ್ತಾ ಹೋದರು. ಎಲ್ಲದಕ್ಕೂ 'ಇಲ್ಲ' ಅನ್ನುವವನ 'ಇಲ್ಲ'ಕ್ಕೆ ಬೆಲೆ ಇರೋದಿಲ್ಲ.

ಸೋಲಿನ ಬಗ್ಗೆ. ನೀವು ಸೋಲ್ತೀರಿ. ಕೆಲವು ಸಲ ತೀರ್ಪುಗಾರನಿಗೆ ನಿಮ್ಮ ಹೆಸರಿನಲ್ಲೋ ಮುಖದಲ್ಲೋ ಜಾತಿ ಕಂಡಿರುತ್ತೆ. ಅದು ಸುಳ್ಳು ಅಂತ ನಾನು ಹೇಳೋದಿಲ್ಲ, ಹೇಳಿದರೆ ನನಗೆ ಪಾಪ ಬರುತ್ತೆ. ಆದರೆ ಪ್ರತಿ ಸೋಲಿಗೂ ಅದೇ ಕಾರಣ ಅಂದುಕೊಂಡವನು ಕಲಿಯೋದು ನಿಲ್ಲಿಸ್ತಾನೆ. ಗೊತ್ತುಮಾಡಿಕೊಳ್ಳೋದು ಹೇಗೆ? ಆ ಗೆರೆ ಎಳೆದ ಹಾಳೆ ಇದೆಯಲ್ಲ, ರಾತ್ರಿ ಅದನ್ನು ತೆಗೆದು ನೋಡಿ. ಬಲಗಡೆ ಖಾಲಿ ಇದ್ದರೆ ಸೋಲು ನಿಮ್ಮದು, ನಾಳೆ ಲೈಬ್ರರಿಗೆ ಹೋಗಿ. ಎಲ್ಲ ತುಂಬಿದ್ದು, ಹೇಳಬೇಕಾದ್ದನ್ನು ಹೇಳಿಯೂ ಸೋತಿದ್ದರೆ, ಆಗ ಅಂಕಪಟ್ಟಿ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ.

ಸರಿ, ನನ್ನ ಮಾತು ಸಾಕು. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ಹಾಸ್ಟೆಲ್ ಮುಚ್ಚಿ ಆ ದುಡ್ಡನ್ನು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹಾಕುವುದು ಮೇಲು: ಇದು ವಿಷಯ. ಇಬ್ಬರು ಬನ್ನಿ, ನಾಣ್ಯ ಚಿಮ್ಮಿ ಪಕ್ಷ ಹಂಚುತ್ತೀನಿ. ಆರು ನಿಮಿಷ ಆದ ಮೇಲೆ ಪಕ್ಷ ಅದಲುಬದಲು. ಇನ್ನೊಬ್ಬ ಹೇಳಿದ್ದನ್ನು ಮೊದಲು ಅವನು ತಲೆಯಾಡಿಸುವ ಹಾಗೆ ಒಪ್ಪಿಸಬೇಕು, ಆಮೇಲೆ ನಿಮ್ಮ ಮಾತು. ನಗಬೇಡಿ, ಈ ಹಾಸ್ಟೆಲ್ ಇರಬಾರದು ಅಂತ ನಮ್ಮಲ್ಲೇ ಒಬ್ಬರು ಗಟ್ಟಿಯಾಗಿ ವಾದ ಮಾಡೋದನ್ನ ಇವತ್ತು ಕೇಳೋಣ. ಹಿಂದಿನಿಂದ ಮುಂದೆ ಬಂದ ಆ ಹೆಣ್ಣುಮಗಳು ಕೈ ಎತ್ತುತ್ತಿದ್ದಾಳೆ. ಬಾ ತಾಯಿ. ಇನ್ನೊಬ್ಬರು ಯಾರು?